ಹೆಲೆನ್ ಯಾರು ಎಂದು ಯಾರೂ ಅವಳನ್ನು ಕೇಳಲಿಲ್ಲ

ಮಿಸಿಸಿಪ್ಪಿಯ ಆ ಕಾಲೇಜು ಊರಿನಲ್ಲಿ ಫ್ರೆಟರ್ನಿಟಿ ಎಂಬ ಹುಡುಗರ ಸಂಘಗಳ ಮನೆಗಳೆಲ್ಲ ಒಂದೇ ಬೀದಿಯಲ್ಲಿವೆ. ಅವುಗಳಲ್ಲಿ ಆರು ಬಿಳಿ ಕಂಬಗಳ ಮನೆಯ ಅಡುಗೆಮನೆಯಲ್ಲಿ ವಿಲ್ಲಡೀನ್ ಟಾಲಿವರ್ ಎಂಬ ಕಪ್ಪು ಹೆಂಗಸು ಮೂವತ್ತೊಂದು ವರ್ಷ ಬೆಂದಳು. ಎಂಬತ್ತು ಹುಡುಗರಿಗೆ ಬೆಳಿಗ್ಗೆ ಬಿಸಿ ಬನ್ನಿನಂಥ ಬಿಸ್ಕತ್ತು, ಗ್ರೇವಿ, ಮಧ್ಯಾಹ್ನ ಕರಿದ ಕೋಳಿ, ಜೋಳದ ಬ್ರೆಡ್ಡು. ಅವಳ ಕೈಯಡುಗೆ ತಿಂದವರಲ್ಲಿ ಈಗ ಇಬ್ಬರು ನ್ಯಾಯಾಧೀಶರಿದ್ದಾರೆ, ಬ್ಯಾಂಕಿನವರಂತೂ ಬೇಕಾದಷ್ಟು. ಫುಟ್‌ಬಾಲ್ ಪಂದ್ಯದ ಶನಿವಾರಗಳಲ್ಲಿ ತಲೆ ನರೆತ ಆ ಹುಡುಗರು ಹೆಂಡಿರನ್ನು ಕಟ್ಟಿಕೊಂಡು ಬಂದು, ಎಣ್ಣೆ ಮೆತ್ತಿದ ಏಪ್ರನ್ ಸಮೇತ ಅವಳನ್ನು ತಬ್ಬಿ, ನಮ್ಮನ್ನು ಬೆಳೆಸಿದವಳೇ ಈಕೆ ಎಂದು ಹೇಳಿ ಹೋಗುತ್ತಿದ್ದರು. ಕೂತುಕೋ ಎಂದು ಹೇಳಿದವರು ಮಾತ್ರ ಒಬ್ಬರೂ ಇಲ್ಲ. ಮೂವತ್ತೊಂದು ವರ್ಷದಲ್ಲಿ ಅವಳು ಮುಂಬಾಗಿಲಿನಿಂದ ಒಳಗೆ ಬಂದದ್ದೂ ಇಲ್ಲ. ಬರಬೇಡ ಎಂದವರೂ ಇರಲಿಲ್ಲ ಅನ್ನಿ, ಅದನ್ನು ಬಾಯಿಬಿಟ್ಟು ಹೇಳಬೇಕಾದ ಊರಲ್ಲ ಅದು.

ಆ ಮನೆಯಲ್ಲಿ ಇನ್ನೊಬ್ಬ ಹೆಂಗಸಿದ್ದಳು, ಇಮೊಜೀನ್ ನಾರ್ಕ್ರಾಸ್. ಅವಳು ಬಿಳಿಯಳು, ವಿಧವೆ, ಅರವತ್ತಾರು ವರ್ಷ. ಮನೆತಾಯಿ ಎಂಬುದು ಅವಳ ಹುದ್ದೆ. ಕೆಳಗಿನ ಎರಡು ಕೋಣೆಗಳಲ್ಲಿ ಅವಳ ವಾಸ. ಊಟದ ಮೇಜಿನ ತುದಿಯಲ್ಲಿ ಕೂತು ಹುಡುಗರಿಗೆ ಚಮಚ ಹಿಡಿಯುವುದನ್ನು ಕಲಿಸುವುದು, ಅವರ ತಾಯಂದಿರು ಫೋನ್ ಮಾಡಿದರೆ ನಿಮ್ಮ ಮಗ ಬಂಗಾರ ಎನ್ನುವುದು ಅವಳ ಕೆಲಸ. ಹತ್ತೊಂಬತ್ತು ವರ್ಷ ಅದನ್ನು ಚೆನ್ನಾಗಿಯೇ ಮಾಡಿದಳು. ಮಧ್ಯಾಹ್ನ ಮೂರಕ್ಕೆ ಪಾತ್ರೆಗಳೆಲ್ಲ ತೊಳೆದಾದ ಮೇಲೆ ಅಡುಗೆಮನೆಗೆ ಬಂದು, ವಿಲ್ಲಡೀನ್ ಬಟಾಣಿ ಬಿಡಿಸುತ್ತಿದ್ದರೆ ಎದುರಿಗೆ ಕಾಫಿ ಹಿಡಿದು ಕೂರುತ್ತಿದ್ದಳು. ತಾವಿಬ್ಬರೂ ಗೆಳತಿಯರು ಎಂದು ಇಮೊಜೀನ್ ಹೇಳಿಕೊಳ್ಳುತ್ತಿದ್ದಳು. ಅವಳಿಗೆ ಇವಳು ‘ವಿಲ್ಲಿ’. ಇವಳಿಗೆ ಅವಳು ‘ಮಿಸೆಸ್ ನಾರ್ಕ್ರಾಸ್’. ಗೆಳೆತನ ಅಷ್ಟರಮಟ್ಟಿನದು.

ಪ್ರತಿ ಶರತ್ಕಾಲದಲ್ಲೂ ಹೊಸ ಹುಡುಗರು ಸಂಘಕ್ಕೆ ಸೇರಲು ಬರುತ್ತಾರೆ. ಎಂಟು ವಾರ ಅವರನ್ನು ಹದ ಮಾಡಬೇಕು. ರ‍್ಯಾಗಿಂಗ್ ನಿಷೇಧಿಸಲಾಗಿದೆ ಎಂದು ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾರೆ. ಹದ ಮಾಡುವುದು ಆ ಗೋಡೆಯ ಕೆಳಗಿನ ನೆಲಮಾಳಿಗೆಯಲ್ಲಿ. ಬಿಯರ್ ಬಾಟಲಿಯ ಮುಚ್ಚಳಗಳನ್ನು ಹಲ್ಲು ಮೇಲೆ ಮಾಡಿ ನೆಲದ ತುಂಬ ಹರಡುತ್ತಾರೆ. ಹುಡುಗರು ಅದರ ಮೇಲೆ ಮಂಡಿಯೂರಿ ಸಂಘದ ಸ್ಥಾಪಕರ ಹೆಸರುಗಳನ್ನು ಒಪ್ಪಿಸಬೇಕು. ಒಬ್ಬ ತಪ್ಪಿದರೆ ಇಡೀ ಸಾಲು ಮೊದಲಿನಿಂದ ಶುರು ಮಾಡಬೇಕು. ಆ ಹೊತ್ತಿಗೆ ಇಮೊಜೀನ್ ತನ್ನ ಕೋಣೆಯ ಟೀವಿಯ ಸದ್ದು ಹೆಚ್ಚಿಸುತ್ತಿದ್ದಳು. ವಿಲ್ಲಡೀನ್ ಅಡುಗೆಮನೆಯ ನೀರು ಜೋರಾಗಿ ಬಿಡುತ್ತಿದ್ದಳು.

ವಿಲ್ಲಡೀನಳ ಕೆಲಸದ ಮೂವತ್ತನೆಯ ವರ್ಷ ಗ್ರೇಡಿ ಎಂಬ ಹುಡುಗ ಬಂದ. ಬೀಜದ ವ್ಯಾಪಾರಿಯ ಮಗ, ಹದಿನೆಂಟು ವರ್ಷ, ಮಾತಿಗೊಮ್ಮೆ ‘ಮ್ಯಾಮ್’. ಒಂದು ಬೆಳಿಗ್ಗೆ ತಿಂಡಿಯ ಸಾಲಿನಲ್ಲಿ ಅವನು ಗೋಡೆ ಹಿಡಿದು ನಿಂತಿದ್ದನ್ನು ನೋಡಿ, ವಿಲ್ಲಡೀನ್ ಅವನನ್ನು ಉಗ್ರಾಣಕ್ಕೆ ಎಳೆದುಕೊಂಡು ಹೋಗಿ ಹಿಟ್ಟಿನ ಚೀಲದ ಮೇಲೆ ಕೂರಿಸಿದಳು. ಪ್ಯಾಂಟು ಮೊಣಕಾಲಿಗೆ ಅಂಟಿಕೊಂಡಿತ್ತು. ಬಿಸಿನೀರು ಹಾಕಿ ಬಿಡಿಸಿದಾಗ ಕೀವು ಬಂತು. ನಾಲ್ಕು ಗಂಡುಮಕ್ಕಳನ್ನು ಹೆತ್ತವಳು, ಗಾಯ ಕಾಣದವಳಲ್ಲ, ಆದರೂ ಮುಖ ಆಚೆ ತಿರುಗಿಸಿದಳು. ಮನೆಗೆ ಹೋಗಿಬಿಡು, ಅಪ್ಪನಿಗೆ ಹೇಳು ಎಂದಳು. ಅವನು ಅಳುತ್ತಲೇ, “ಇನ್ನು ಮೂರೇ ವಾರ, ಮಿಸ್ ವಿಲ್ಲಿ. ಇಷ್ಟು ತಡ್ಕೊಂಡಿದ್ದೀನಿ,” ಎಂದ. ಒಂಬತ್ತು ದಿನ ಅವಳು ಆ ಮೊಣಕಾಲುಗಳಿಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟಿದಳು. ಯಾರಿಗೂ ಹೇಳಲಿಲ್ಲ. ಅವನು ಸಂಘಕ್ಕೆ ಸೇರಿದ. ಸೇರಿದ ದಿನ ಅಡುಗೆಮನೆಗೆ ಓಡಿಬಂದು ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿದ.

ಅದರ ಮರುವಸಂತದಲ್ಲಿ ವಿಶ್ವವಿದ್ಯಾಲಯದ ಮೀರಿಯಮ್ ಓಕ್ಸ್ ಎಂಬ ಅಧ್ಯಾಪಕಿ ನೋಟ್‌ಬುಕ್ ಹಿಡಿದು ಬಂದಳು. ಫ್ರೆಟರ್ನಿಟಿ, ಹುಡುಗಿಯರ ಸಂಘಗಳಾದ ಸೊರೊರಿಟಿ ಮನೆಗಳಲ್ಲಿ ಹುಡುಗ ಹುಡುಗಿಯರ ಬದುಕು ಹೇಗಿರುತ್ತದೆ ಎಂಬುದು ಅವಳ ಸಂಶೋಧನೆ. ಎರಡು ತಿಂಗಳು ಊಟದ ಕೋಣೆಯ ಮೂಲೆಯಲ್ಲಿ ಕೂತಳು. ಹುಡುಗರಿಗೆ ಪ್ರಶ್ನೆಗಳ ಹಾಳೆ ಹಂಚಿದಳು. ಈ ಮನೆಯಲ್ಲಿ ನಿಮಗೆ ತಾಯಿಯಂತಿರುವವರು ಯಾರು, ಪೂರ್ತಿ ಹೆಸರು ಬರೆಯಿರಿ ಎಂಬುದು ಅದರಲ್ಲಿ ಒಂದು ಪ್ರಶ್ನೆ. ಎಂಬತ್ತರಲ್ಲಿ ಎಪ್ಪತ್ತೊಂದು ಹುಡುಗರು ‘ಮಿಸ್ ವಿಲ್ಲಿ’ ಎಂದು ಬರೆದಿದ್ದರು. ಟಾಲಿವರ್ ಎಂದು ಬರೆದವರು ಮೂವರು. ಓಕ್ಸ್ ಇದನ್ನು ಹೇಳಿದಾಗ ವಿಲ್ಲಡೀನ್ ನಕ್ಕುಬಿಟ್ಟಳು. ನಕ್ಕ ಮೇಲೆ ಏಕೋ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು.

ನೀವೂ ನನ್ನೊಡನೆ ಮಾತಾಡಿ, ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ ಎಂದು ಓಕ್ಸ್ ಬರೆದುಕೊಟ್ಟಳು. ಬೇಕಾದ ಹೆಸರು ನೀವೇ ಆರಿಸಿಕೊಳ್ಳಿ ಎಂದಳು. ಹೆಲೆನ್ ಎಂದು ಇಡಿ ಎಂದಳು ವಿಲ್ಲಡೀನ್. ಆಮೇಲೆ ಎರಡು ಮಧ್ಯಾಹ್ನ, ಇಮೊಜೀನ್ ಹಲ್ಲಿನ ಡಾಕ್ಟರ ಬಳಿ ಹೋಗಿದ್ದಾಗ, ಮೂವತ್ತು ವರ್ಷ ನುಂಗಿಕೊಂಡಿದ್ದನ್ನೆಲ್ಲ ಹೇಳಿದಳು. ಹೇಳುವಾಗ ಅವಳಿಗೇ ಆಶ್ಚರ್ಯ. ತನ್ನ ಬಾಯಿಗೆ ಬೀಗ ಹಾಕಿದ್ದವರು ಬೇರೆಯವರು ಎಂದು ಅವಳು ತಿಳಿದಿದ್ದಳು. ನೋಡಿದರೆ ಕೀಲಿಕೈ ತನ್ನ ಹತ್ತಿರವೇ ಇತ್ತು.

ಮುಂದಿನ ಆಗಸ್ಟಿನಲ್ಲಿ ವರದಿ ಹೊರಬಂತು. ಊರಿನ ಪತ್ರಿಕೆ ಅದರಿಂದ ಒಂದು ತುಣುಕನ್ನು ಎತ್ತಿ ಮುಖಪುಟಕ್ಕೆ ಹಾಕಿತು. ಮನೆಯೊಂದರ ಸಿಬ್ಬಂದಿ, ಅರವತ್ತು ದಾಟಿದ ಹೆಲೆನ್ ಹೀಗೆ ಹೇಳುತ್ತಾಳೆ: “ಆ ಹುಡುಗನ ಮೊಣಕಾಲಿಗೆ ಒಂಬತ್ತು ದಿನ ಬಟ್ಟೆ ಕಟ್ಟಿದೆ. ಮೊದಲ ದಿನವೇ ಪೊಲೀಸಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅವನನ್ನು ಮಂಡಿಯೂರಿಸಿದವರಿಗೂ ನನಗೂ ಏನು ವ್ಯತ್ಯಾಸ? ನಾನು ಅವನನ್ನು ಮಾರನೇ ದಿನಕ್ಕೆ ತಯಾರು ಮಾಡಿಕೊಟ್ಟೆ, ಅಷ್ಟೇ.”

ಓದಿದಾಗ ವಿಲ್ಲಡೀನಳ ಎದೆ ಧಸಕ್ಕೆಂದಿತು. ಜೊತೆಗೆ ಒಂದಿಷ್ಟು ಹೆಮ್ಮೆಯೂ ಆಯಿತು, ಸುಳ್ಳೇಕೆ. ಆ ಮಾತು ತನ್ನದು. ಅಚ್ಚಾಗಿ ಬಂದಿದೆ. ಇನ್ನು ಕೆಲಸ ಹೋಯಿತು ಎಂದುಕೊಂಡಳು. ಕೆಲಸ ಹೋದರೆ ಅದರ ಜೊತೆಗಿನ ಆರೋಗ್ಯ ವಿಮೆಯೂ ಹೋಗುತ್ತದೆ. ಗಂಡ ರೂಫಸ್‌ಗೆ ಪಾರ್ಶ್ವವಾಯು ಹೊಡೆದು ಎರಡು ವರ್ಷ. ಅವನ ಔಷಧಿ, ವಾರಕ್ಕೆ ಮೂರು ಸಲ ಕೈಕಾಲು ಆಡಿಸಲು ಬರುವ ನರ್ಸು, ಎಲ್ಲ ಆ ವಿಮೆಯ ಮೇಲೆಯೇ ನಿಂತಿದ್ದವು.

ಓಕ್ಸ್ ಎರಡು ತಿಂಗಳು ಕೂತಿದ್ದ ಮನೆ ಎಂದು ಅದರ ಮೇಲೆಯೇ ವಿಶ್ವವಿದ್ಯಾಲಯದ ವಿಚಾರಣೆ ಶುರುವಾಯಿತು. ಐವರು ವಕೀಲರಿದ್ದ ಹಳೆಯ ವಿದ್ಯಾರ್ಥಿಗಳ ಮಂಡಳಿ ಓಡೋಡಿ ಬಂತು. ಅದರ ಅಧ್ಯಕ್ಷ ವಕೀಲ ಬ್ರ್ಯಾಂಟ್ ಹಾಲ್ಕಂಬ್, ಅವನೂ ವಿಲ್ಲಡೀನಳ ಬಿಸ್ಕತ್ತು ತಿಂದು ಬೆಳೆದವನೇ. ಹೆಲೆನ್ ಯಾರು ಎಂಬುದೊಂದೇ ಅವರಿಗೆ ಬೇಕಿದ್ದದ್ದು. ಮೊಣಕಾಲು ಯಾರದು ಎಂದು ಕೇಳಿದವರಿಲ್ಲ. ವಿಲ್ಲಡೀನ್ ಮೂರು ದಿನ ಒಗೆದ ಏಪ್ರನ್ ಹಾಕಿಕೊಂಡು, ಕರೆ ಬಂದರೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಉರುಹೊಡೆಯುತ್ತ ಕಾದಳು. ಕರೆ ಬರಲೇ ಇಲ್ಲ. ನಾಲ್ಕನೆಯ ದಿನ ಇಮೊಜೀನಳನ್ನು ಕರೆಸಿ, ಎರಡು ವಾರದಲ್ಲಿ ಕೋಣೆ ಖಾಲಿ ಮಾಡಲು ಹೇಳಿದರು.

ಆ ಮನೆಯಲ್ಲಿ ಹೆಂಗಸು ಎಂದರೆ ಇಮೊಜೀನ್. ಸಂಶೋಧಕಿ ಬಂದು ಒಬ್ಬ ಹೆಂಗಸನ್ನು ಮಾತಾಡಿಸಿದಳು ಎಂದರೆ ಅವಳನ್ನೇ. ಅಡುಗೆಯವಳನ್ನು ಯಾರಾದರೂ ಕೂರಿಸಿಕೊಂಡು ಕೇಳಿರಬಹುದು, ಅವಳು ಯೋಚಿಸಿ ಉತ್ತರ ಕೊಟ್ಟಿರಬಹುದು ಎಂಬುದು ಕಾನೂನು ಓದಿದ ಆ ಐದು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ. ಕಣ್ಣಿಗೆ ಕಾಣದವರ ಮೇಲೆ ಅನುಮಾನ ಪಡುವುದಾದರೂ ಹೇಗೆ?

ಅಂದು ಮಧ್ಯಾಹ್ನ ಇಮೊಜೀನ್ ಎಂದಿನಂತೆ ಕಾಫಿ ಹಿಡಿದು ಬಂದಳು. ಕಣ್ಣು ಊದಿತ್ತು. ಈ ವಯಸ್ಸಿನಲ್ಲಿ ಟೆಕ್ಸಸ್ಸಿನ ತಂಗಿಯ ಮನೆಯ ಸೋಫಾದ ಮೇಲೆ ಮಲಗಬೇಕಲ್ಲ ಎಂದು ಅತ್ತಳು.

“ಆ ಓಕ್ಸ್ ಹೆಂಗಸಿಗೆ ನಮ್ಮ ಹುಡುಗ್ರು ದೇವತೆಗಳು ಅಂತ ಹೇಳ್ದೆ ವಿಲ್ಲಿ, ಆಣೆ ಮಾಡ್ತೀನಿ. ಯಾರೋ ಬೇರೆ ಮನೆಯವ್ರು ಹೇಳಿದ್ದು ನನ್ನ ತಲೆಗೆ ಬಂತು.”

“ನಮ್ಮನೆಯವ್ರೇ ಇರಬಹುದಲ್ಲ, ಮಿಸೆಸ್ ನಾರ್ಕ್ರಾಸ್?” ಎಂದಳು ವಿಲ್ಲಡೀನ್.

“ನಮ್ಮನೇಲಿ ನಾನಲ್ದೆ ಇನ್ಯಾರಿದ್ದಾರೆ?” ಎಂದಳು ಇಮೊಜೀನ್, ವಿಲ್ಲಡೀನಳ ಮುಖವನ್ನೇ ನೋಡುತ್ತ.

ವಿಲ್ಲಡೀನ್ ಬಟಾಣಿ ಬಿಡಿಸುತ್ತಲೇ ಇದ್ದಳು. ಆ ಕ್ಷಣ ಅವಳಿಗೆ ಪಾಪ ಎನಿಸಲಿಲ್ಲ. ಕೋಪ ಬಂತು. ಹತ್ತೊಂಬತ್ತು ವರ್ಷ ಎದುರಿಗೆ ಕೂತವಳಿಗೂ ತಾನು ಕಾಣಲಿಲ್ಲವೇ ಎಂದು ಹೊಟ್ಟೆ ಉರಿಯಿತು. ಆ ಉರಿಯಲ್ಲೇ ಒಂದು ವಾರ ಸುಮ್ಮನಿದ್ದಳು. ಸುಮ್ಮನಿರಲು ರೂಫಸ್‌ನ ವಿಮೆ ಒಳ್ಳೆಯ ನೆವವೂ ಆಯಿತು. ರೂಫಸ್ ಮಾತ್ರ ಒಂದು ಸಂಜೆ, ಸೊಟ್ಟಗಾದ ಬಾಯಲ್ಲಿ ನಿಧಾನವಾಗಿ, “ಹೋಗಿ ಹೇಳು ಅನ್ನೋಕೆ ನಂಗೆ ಭಯ ಕಣೆ. ಹೇಳ್ಬೇಡ ಅನ್ನೋಕೆ ನಾಚಿಕೆ,” ಎಂದ.

ಮರುದಿನ ಅವಳು ಓಕ್ಸ್‌ಗೆ ಫೋನ್ ಮಾಡಿದಳು. ಹೆಲೆನ್ ನಾನೇ ಎಂದು ಮಂಡಳಿಯವರಿಗೆ ಒಂದು ಕಾಗದ ಬರೆಯಿರಿ, ಆ ಮುದುಕಿಯ ಸೂರು ಉಳಿಯಲಿ ಎಂದಳು. ಓಕ್ಸ್‌ಳ ದನಿ ಕುಗ್ಗಿತು. ಯಾರು ಏನು ಹೇಳಿದರು ಎಂಬುದನ್ನು ತಾನು ಯಾರಿಗೂ ಹೇಳುವಂತಿಲ್ಲ, ಸಂಶೋಧನೆಯ ನಿಯಮ ಹಾಗಿದೆ, ನೀವು ನನ್ನೊಡನೆ ಮಾತಾಡಿದಿರಿ ಎಂದು ಒಪ್ಪಿಕೊಳ್ಳುವಂತೆಯೂ ಇಲ್ಲ ಎಂದಳು. ನಿಮ್ಮ ರಕ್ಷಣೆಗೇ ಮಾಡಿದ ನಿಯಮ ಎಂದೂ ಸೇರಿಸಿದಳು. ತನ್ನನ್ನು ಇಷ್ಟೊಂದು ಜನ ರಕ್ಷಿಸುತ್ತಿದ್ದಾರೆಂದು ವಿಲ್ಲಡೀನಳಿಗೆ ಗೊತ್ತೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ಹಾಲ್ಕಂಬ್ ಪಂದ್ಯಕ್ಕೆಂದು ಬಂದಿದ್ದ. ಮನೆಯ ಗ್ರಂಥಾಲಯದಲ್ಲಿ ಹುಡುಗರ ಮುಖಂಡರೊಡನೆ ಕೂತಿದ್ದ. ಆ ವರ್ಷ ಹೊಸಬರ ಉಸ್ತುವಾರಿ ಗ್ರೇಡಿಯದು. ಅವನೂ ಪಕ್ಕದಲ್ಲಿ ಟೈ ಕಟ್ಟಿಕೊಂಡು ಕೂತಿದ್ದ. ವಿಲ್ಲಡೀನ್ ಕೋಳಿಗೆ ಹಿಟ್ಟು ಹಚ್ಚಿಟ್ಟು, ಕೈ ತೊಳೆದು, ಏಪ್ರನ್ ಬಿಚ್ಚಿ ಒಳಗೆ ಹೋದಳು. ಹೆಲೆನ್ ನಾನು, ಆ ಮಾತು ನಂದು, ಮಿಸೆಸ್ ನಾರ್ಕ್ರಾಸ್‌ಗೆ ಏನೇನೂ ಗೊತ್ತಿಲ್ಲ ಎಂದು ನಿಂತೇ ಹೇಳಿದಳು.

ಹಾಲ್ಕಂಬ್ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರು.

“ಮಿಸ್ ವಿಲ್ಲಿ, ನಿಮ್ಮಂಥ ಮನಸ್ಸು ಯಾರಿಗಿದೆ ಹೇಳಿ. ಆ ಹೆಂಗಸು ನಿಮ್ಮ ಹುಡುಗರ ಹೆಸರಿಗೆ ಮಸಿ ಬಳಿದಳು, ನೀವು ಅವಳ ತಪ್ಪನ್ನ ತಲೆ ಮೇಲೆ ಹೊತ್ಕೊಳ್ಳೋಕೆ ಬಂದಿದ್ದೀರಿ.”

“ಹೊತ್ಕೊಳ್ತಿಲ್ಲ ಸರ್. ನಾನೇ ಹೇಳಿದ್ದು.”

“ಆಯ್ತು, ಆಯ್ತು,” ಎಂದು ಅವನು ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟಿದ.

ವಿಲ್ಲಡೀನ್ ಗ್ರೇಡಿಯ ಕಡೆ ತಿರುಗಿದಳು. ಇನ್ಯಾರೂ ನಂಬದಿದ್ದರೂ ಗೊತ್ತಿದ್ದವನು ಒಬ್ಬನಿದ್ದಾನಲ್ಲ. “ನೀನು ಹೇಳಪ್ಪ. ನಿನ್ನ ಕಾಲಿಗೆ ಬಟ್ಟೆ ಕಟ್ಟಿದ್ದು ಯಾರು?”

ಗ್ರೇಡಿ ಅವಳನ್ನು ನೇರವಾಗಿ ನೋಡಿದ. ಕಣ್ಣು ತಪ್ಪಿಸಿದ್ದರೂ ಅವಳು ಸಹಿಸುತ್ತಿದ್ದಳು. “ನನ್ನ ಕಾಲಿಗೆ ಏನೂ ಆಗಿರ್ಲಿಲ್ಲವಲ್ಲ, ಮಿಸ್ ವಿಲ್ಲಿ,” ಎಂದ, ಬಹಳ ಮೃದುವಾಗಿ. “ಇಷ್ಟು ಹುಡುಗರನ್ನ ನೋಡಿದ್ದೀರಿ, ಯಾರ್ದೋ ನೆನಪು ಬೆರೆತಿರಬೇಕು ಮ್ಯಾಮ್.”

ಕೂತಿದ್ದವರೆಲ್ಲ ಅವಳನ್ನು ಕನಿಕರದಿಂದ ನೋಡಿದರು. ವಯಸ್ಸಾಯಿತು, ಪಾಪ, ಗಂಡನ ಕಾಯಿಲೆ ಬೇರೆ ಎಂದು ಯಾರೋ ಮೆಲ್ಲಗೆ ಅಂದದ್ದು ಅವಳ ಕಿವಿಗೆ ಬಿತ್ತು. ಮೂವತ್ತೊಂದು ವರ್ಷದಲ್ಲಿ ಆ ಮನೆಯೊಳಗೆ ಅವಳು ಆಡಿದ ಒಂದೇ ಒಂದು ದೊಡ್ಡ ಮಾತು, ಅದನ್ನೂ ಇನ್ನೊಬ್ಬಳ ಹೆಸರಿಗೆ ಬರೆದು ಮುಗಿಸಿದ್ದರು.

ಗ್ರೇಡಿ ಎದ್ದು ಅವಳ ತೋಳು ಹಿಡಿದು ಅಡುಗೆಮನೆಯ ಬಾಗಿಲವರೆಗೂ ನಡೆಸಿಕೊಂಡು ಬಂದ. ಅಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ತಗ್ಗಿದ ದನಿಯಲ್ಲಿ ಹೇಳಿದ:

“ನಂಗೆ ಮೊದಲ ದಿನವೇ ಗೊತ್ತಿತ್ತು ಮಿಸ್ ವಿಲ್ಲಿ. ಪೇಪರಲ್ಲಿ ಓದಿದ ತಕ್ಷಣ. ಮಿಸೆಸ್ ನಾರ್ಕ್ರಾಸ್ ಹೆಸರು ಹೇಳಿದ್ದು ನಾನೇ. ಮಿಸ್ಟರ್ ರೂಫಸ್ ಅವರ ವಿಷಯ ನಂಗೊತ್ತಿಲ್ವಾ? ನೀವು ಅವತ್ತು ನನ್ನ ಕೈ ಬಿಡ್ಲಿಲ್ಲ. ನಾನು ನಿಮ್ಮ ಕೈ ಬಿಡ್ತೀನಾ?”

ಅವನ ಮುಖದಲ್ಲಿ ಕಪಟವಿರಲಿಲ್ಲ. ತನ್ನವರನ್ನು ಉಳಿಸಿಕೊಂಡ ಸಂತೋಷವಿತ್ತು. ಎಂಟು ವಾರ ನೆಲಮಾಳಿಗೆಯಲ್ಲಿ ಕಲಿಸುವುದು ಇದನ್ನೇ. ಅವನು ಚೆನ್ನಾಗಿ ಕಲಿತಿದ್ದ. ಆ ಪಾಠ ಪೂರೈಸಲು ಅವನನ್ನು ಕಾಲ ಮೇಲೆ ನಿಲ್ಲಿಸಿದವಳು ತಾನೇ.

ಅವನ ಕೆನ್ನೆಗೆ ಒಂದು ಬಾರಿಸಬೇಕಿತ್ತು. ಛೀ ಎನ್ನಬೇಕಿತ್ತು. ಅಂದೇ ಏಪ್ರನ್ ಅವನ ಮುಖಕ್ಕೆ ಎಸೆದು ಹೋಗಬೇಕಿತ್ತು. ಆಮೇಲೆ ರೂಫಸ್‌ಗೆ ಹೇಳುವಾಗ ಇವನ್ನೆಲ್ಲ ಅವಳು ಸಾಲಾಗಿ ಹೇಳಿದಳು. ನಿಜವಾಗಿ ಏನು ಮಾಡಿದೆ ಎಂದು ಅವನು ಕೇಳಿದ. ಅವಳು ಅವನ ಹೊದಿಕೆ ಸರಿಮಾಡಿದಳು.

“ಥ್ಯಾಂಕ್ಯೂ ಮಗಾ ಅಂದೆ,” ಎಂದಳು.