ಮಾದಪ್ಪ ಮೇಸ್ತ್ರಿ ಒಡೆಯದ ಗೋಡೆ

ಕವಲಂದೆಯ ಮಾದಪ್ಪ ಮೇಸ್ತ್ರಿ ಯಾವ ಗೋಡೆಯನ್ನೇ ಆಗಲಿ, ಒಡೆಯುವ ಮೊದಲು ಅಂಗೈಯಿಂದ ಎರಡೇಟು ಹೊಡೆದು, ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಮನುಷ್ಯರ ಮಾತನ್ನು ಅವರು ಅಷ್ಟು ಶ್ರದ್ಧೆಯಿಂದ ಕೇಳಿದ್ದನ್ನು ನಾನು ಕಾಣೆ. "ಮನ್ಸ ಸುಳ್ಳೇಳ್ತಾನೆ ಸಾ, ಗ್ವಾಡೆಗೆ ಅಷ್ಟು ಬುದ್ಧಿ ಇಲ್ಲ," ಎನ್ನುತ್ತಿದ್ದರು.

ನಂಜನಗೂಡಿನ ಹಳೇ ವಠಾರವೊಂದನ್ನು ನಮ್ಮ ಕಂಪನಿ ಆಫೀಸು ಮಾಡಲು ಹೊರಟಾಗ ಅವರ ಪರಿಚಯವಾಯಿತು. ಎಂಟು ಸಂಸಾರಗಳು ಒಂದೇ ನಲ್ಲಿಗೆ ಜಗಳವಾಡುತ್ತ ಮೂರು ತಲೆಮಾರು ಬಾಳಿದ್ದ ಕಟ್ಟಡ ಅದು. ಮರದ ಜಂತೆ, ಮೇಲೆ ಗಾರೆ ತಾರಸಿ. ಪಾರಂಪರಿಕ ಕಳೆ ಉಳಿಯಬೇಕು, ಆದರೆ ಹಳೆಯದೇನೂ ಕಾಣಬಾರದು ಎಂಬುದು ಕಂಪನಿಯ ಅಪ್ಪಣೆ. ಅದನ್ನು ನಡೆಸಿಕೊಡಲು ಬೆಂಗಳೂರಿನ ಒಬ್ಬ ಡಿಸೈನರ್. ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಲು ನಾನು. ಮರದ ಕಂಬಗಳಿಗೆ ಮರದ ಬಣ್ಣದ ಪ್ಲಾಸ್ಟಿಕ್ ಹಾಳೆ ಅಂಟಿಸಬೇಕೆಂದು ಅವನು ಹೇಳಿದಾಗ ಮೇಸ್ತ್ರಿ ಕೈಮುಗಿದರು. "ಆಗ್ಲಿ ಬುದ್ಧಿ. ಎಮ್ಮೆಗೂ ಮೇಲೊಂದ್ ಎಮ್ಮೆ ಚರ್ಮ ಒಲಿಸ್ಬುಡವ."

ಜಗಳವಾದದ್ದು ನಡುಗೋಡೆಗೆ. ಅದು ಹೋದರೆ ಎಲ್ಲರೂ ಎಲ್ಲರಿಗೂ ಕಾಣುವ 'ಓಪನ್ ಆಫೀಸು' ಆಗುತ್ತದೆ ಎಂದ ಡಿಸೈನರ್. ಮೇಸ್ತ್ರಿ ಕಿವಿ ಹಚ್ಚಿ ಕೇಳಿದರು.

"ಇದು ಮೇಲಿನ್ ಭಾರ್ವೆಲ್ಲ ಒತ್ಕಂಡದೆ ಸಾ. ತಗುದ್ರೆ ಆಕಾಸ್ವೇ ಕಾಣ್ತದೆ. ಪೂರಾ ಓಪನ್ನು."

ಲ್ಯಾಪ್‌ಟಾಪಿನಲ್ಲಿ ಗೋಡೆ ತೆಗೆದರೂ ತಾರಸಿ ನಿಂತೇ ಇತ್ತು. ಡಿಸೈನರ್ ಅದನ್ನು ನನಗೆ ತೋರಿಸಿದ. ಕಂಪನಿಯ ಸಂಬಳ ತಿನ್ನುವವನು ನಾನು. ಜಂತೆಗಿಂತ ಮೊದಲೇ ನಾನು ಬಾಗಿದೆ. ಮೇಸ್ತ್ರಿಯನ್ನು ಕೆಲಸದಿಂದ ಬಿಡಿಸಿದೆ.

ಮುಂದಿನ ವಾರ ಬೇರೆ ಆಳುಗಳು ಗೋಡೆಯನ್ನು ಅರ್ಧ ಒಡೆಯುವಷ್ಟರಲ್ಲಿ ಜಂತೆಗಳು ನರಳಿ, ತಾರಸಿ ಗೇಣುದ್ದ ಕುಸಿಯಿತು. ಎಲ್ಲರೂ ಬೀದಿಗೆ ಓಡಿದೆವು. ಎಲ್ಲರಿಗಿಂತ ಮುಂದೆ ಡಿಸೈನರ್. ಲ್ಯಾಪ್‌ಟಾಪು ಅವನ ಎದೆಗೆ ಅಂಟಿಕೊಂಡೇ ಇತ್ತು.

ನಾನು ಬೈಕಿನಲ್ಲಿ ಕವಲಂದೆಗೆ ಹೋದೆ. ಮೇಸ್ತ್ರಿ ದನಕ್ಕೆ ಹುಲ್ಲು ಹಾಕುತ್ತಿದ್ದರು.

"ಮೇಸ್ತ್ರಿ, ತಪ್ಪಾಯ್ತು. ತಾರಸಿ ಕುಸೀತಾ ಇದೆ."

"ಯಾಕ್ಸಾ, ಲ್ಯಾಪ್‌ಟಾಪ್ನೇ ಆನಿಸಿ ನಿಲ್ಸಕಾಗ್ನಿಲ್ವ?" ಎಂದರು. ಅಷ್ಟು ಹೇಳುವಾಗಲೇ ಟವೆಲು ಹೆಗಲಿಗೇರಿತ್ತು.

ಬಂದವರೇ ಸರ್ವೆ ಮರದ ಕಂಬಗಳನ್ನು ತರಿಸಿದರು. ಆಳುಗಳು ಹೆದರಿ ಬಾಗಿಲಲ್ಲೇ ನಿಂತಾಗ ಒಬ್ಬರೇ ಒಳಗೆ ಹೋದರು. ನಾನೂ ಹೆಜ್ಜೆಯಿಟ್ಟೆ. "ನೀವ್ ಬರ್ಬ್ಯಾಡಿ ಸಾ. ಎಂಡ್ತಿ ಮಕ್ಳವ್ರೆ," ಎಂದರು. ಅವರಿಗೂ ಇದ್ದರು. ನಾನು ಆ ಮಾತೆತ್ತಲಿಲ್ಲ, ಹೊರಗೇ ನಿಂತೆ. ತಲೆಯ ಮೇಲೆ ಗಾರೆಯ ಪುಡಿ ಉದುರುತ್ತಿದ್ದರೂ ಅವರು ಒಂದೊಂದೇ ಕಂಬ ಆನಿಕೆ ಕೊಟ್ಟು ಸಂಜೆಯೊಳಗೆ ತಾರಸಿಯನ್ನು ನಿಲ್ಲಿಸಿದರು.

ಉಳಿದ ಅರ್ಧ ಗೋಡೆ ಈಗಲೂ ಇದೆ. ಪರಂಪರೆಯ ಮೇಲಿನ ಗೌರವದಿಂದ ಅದನ್ನು ಉಳಿಸಿಕೊಂಡೆವೆಂದು ಡಿಸೈನರ್ ಅಲ್ಲೊಂದು ಫಲಕ ಹಾಕಿಸಿದ್ದಾನೆ.

ಆಫೀಸಿನ ಉದ್ಘಾಟನೆಗೆ ಮೇಸ್ತ್ರಿ ಇಸ್ತ್ರಿ ಮಾಡಿದ ಪಂಚೆಯುಟ್ಟು ಬಂದರು. ಕಾರ್ಡಿಲ್ಲವೆಂದು ಕಾವಲಿನವನು ತಡೆದ. ನಾನೇ ಹೋಗಿ ಕರೆತಂದೆ. ಬಾಗಿಲ ಪಕ್ಕದ ಹಿತ್ತಾಳೆ ಫಲಕದಲ್ಲಿ ಈ ಕಟ್ಟಡಕ್ಕಾಗಿ ದುಡಿದವರ ಹೆಸರುಗಳಿದ್ದವು: ಮಾಲೀಕರು, ಡಿಸೈನರ್, ಕೊನೆಯಲ್ಲಿ ನಾನು. ಮೇಸ್ತ್ರಿ ಅಕ್ಷರ ಕೂಡಿಸಿ ಕೂಡಿಸಿ ಕೊನೆಯವರೆಗೂ ಓದಿದರು. ಕೊಂಕಿನ ಮಾತಿಗಾಗಿ ನಾನು ಮೈ ಬಿಗಿಹಿಡಿದು ಕಾದೆ.

"ನಿಮ್ ಎಸ್ರದೆ ಸಾ. ಒಳ್ಳೇದಾಯ್ತು," ಎಂದು ನಕ್ಕು, ಊಟಕ್ಕೂ ನಿಲ್ಲದೆ ಬಸ್ಸಿಗೆ ಹೋದರು.

ಎರಡು ತಿಂಗಳಿಗೆ ತೀರಿಕೊಂಡರು. ಆ ಕೊನೆಯ ಮಾತನ್ನು ಎಷ್ಟು ಸಲ ನೆನೆದರೂ ಅದರಲ್ಲಿ ಕೊಂಕು ಸಿಗುವುದಿಲ್ಲ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.