ಒಂದು ತೋಳು ಉದ್ದದ ಸ್ವೆಟರು

ಊರಿನ ಕಸವೆಲ್ಲ ಬೆಟ್ಟದಂತೆ ಬಿದ್ದಿದ್ದ ಕಾಲದಲ್ಲಿ ಅಲ್ಲಿ ಕಸ ಆಯುತ್ತಿದ್ದ ಅವನನ್ನು ಎಲ್ಲರೂ ಪತ್ತೇದಾರ ಎನ್ನುತ್ತಿದ್ದರು. ತಮಾಷೆಗೆ ಹುಟ್ಟಿದ ಹೆಸರು, ಆದರೆ ಸುಳ್ಳಲ್ಲ. ಯಾರದೋ ಉಂಗುರ ತರಕಾರಿ ಸಿಪ್ಪೆಯ ಜೊತೆ ಹೋಗಿರುತ್ತಿತ್ತು, ಇನ್ಯಾರದೋ ಮಾವನ ಹಲ್ಲಿನ ಸೆಟ್ಟು ಕಾಗದದೊಳಗೆ ಸೇರಿ ಲಾರಿ ಹತ್ತಿರುತ್ತಿತ್ತು. ಯಾವ ಬೀದಿ, ಯಾವತ್ತು ಎಸೆದಿರಿ ಎಂದಷ್ಟೇ ಕೇಳಿ ಅವನು ಕೊಕ್ಕೆ ಹಿಡಿದು ಹತ್ತುತ್ತಿದ್ದ. ಸಂಜೆಯೊಳಗೆ ವಸ್ತು ಕೈಯಲ್ಲಿರುತ್ತಿತ್ತು. ಹಲ್ಲು ಸಿಕ್ಕ ಮಾವ ಖುಷಿಯಲ್ಲಿ ಅಲ್ಲೇ ಬಾಯಿಗೆ ಹಾಕಿಕೊಳ್ಳಲು ಹೋಗಿ ಸೊಸೆಯ ಕೈಲಿ ಬೈಸಿಕೊಂಡಿದ್ದ.

ಆಮೇಲೆ ಬೆಟ್ಟವನ್ನು ಅಗೆದು, ಜರಡಿ ಹಿಡಿದು ಸಾಗಿಸಿದರು. ಅಲ್ಲಿ ಕಸ ಸುಟ್ಟು ಕರೆಂಟು ಮಾಡುವ ಸ್ಥಾವರ ಎದ್ದಿತು. ಒಳ್ಳೆಯದೇ ಆಯಿತು ಎನ್ನಬೇಕು. ಆ ಬೆಟ್ಟದ ಹೊಗೆ ಕುಡಿದು ಕೆಮ್ಮಿ ಸತ್ತವರು ಕಮ್ಮಿಯಲ್ಲ. ಅವನಿಗೂ ತರಬೇತಿ ಕೊಟ್ಟು ಕ್ರೇನು ನಡೆಸಲು ಕೂರಿಸಿದರು. ಗಾಜಿನ ಕೋಣೆ, ತಣ್ಣನೆಯ ಗಾಳಿ, ಕೈಗೆರಡು ಹಿಡಿಕೆ. ಕೆಳಗಿನ ಗುಂಡಿಗೆ ಲಾರಿಗಳು ಸುರಿದದ್ದನ್ನು ಉಕ್ಕಿನ ಪಂಜದಿಂದ ಎತ್ತಿ, ಒದ್ದೆ ಕಸ ಒಣ ಕಸ ಬೆರೆಸಿ ಕುಲುಮೆಯ ಬಾಯಿಗೆ ಹಾಕಬೇಕು. ಗುಂಡಿಗೆ ಮನುಷ್ಯರು ಇಳಿಯುವಂತಿಲ್ಲ. ಒಳಗಿನ ಗಾಳಿಯೇ ಪ್ರಾಣ ತೆಗೆಯುತ್ತದೆ.

ಆ ಕೆಲಸ ಸಿಕ್ಕ ವರ್ಷವೇ ಮಗಳು ಜ್ವರದಲ್ಲಿ ಹೋದಳು. ಇದನ್ನು ನಯವಾಗಿ ಹೇಳುವ ದಾರಿಯಿಲ್ಲ. ಕೊನೆಯ ದಿನಗಳಲ್ಲಿ ಅವಳ ಮೈಮೇಲಿದ್ದ ಕೆಂಪು ಸ್ವೆಟರನ್ನು ತಾಯಿ ಒಗೆಯಲೇ ಇಲ್ಲ. ತಾನೇ ಹೆಣೆದದ್ದು, ಒಂದು ತೋಳು ಉದ್ದ. "ಅಮ್ಮಾ, ನನ್ನ ಒಂದು ಕೈ ಇನ್ನೂ ಬೆಳೀಬೇಕಾ?" ಎಂದು ಮಗಳು ಕಾಡಿಸುತ್ತಿದ್ದಳು. ತಾಯಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಗಂಟು ಹಾಕಿದ್ದಳು. ತಡೆಯಲಾಗದ ದಿನ ಗಂಟು ಬಿಚ್ಚಿ, ಮುಖವಿಟ್ಟು ಒಂದೇ ಉಸಿರು ಎಳೆದುಕೊಂಡು, ಮಗಳ ವಾಸನೆ ಹೋದೀತೆಂದು ತಕ್ಷಣ ಕಟ್ಟಿಬಿಡುತ್ತಿದ್ದಳು.

ಅವಳಿಗೆ ಮೈ ಹುಷಾರಿಲ್ಲವೆಂದು ಅವಳ ಅಕ್ಕ ಬಂದಳು. ಪಾಪ, ಮನೆಯೆಲ್ಲ ಚೊಕ್ಕಟ ಮಾಡಿಕೊಟ್ಟಳು. ಕಪಾಟಿನಲ್ಲಿದ್ದ ಗಂಟನ್ನು ಹಳೇ ಬಟ್ಟೆಯೆಂದು ಬೆಳಗಿನ ಕಸದ ಗಾಡಿಗೆ ಕೊಟ್ಟಳು. ಯಾರನ್ನೆಂದು ಬೈಯುವುದು?

ಗಾಜಿನ ಕೋಣೆಯಲ್ಲಿದ್ದ ಅವನಿಗೆ ಹೆಂಡತಿಯ ಫೋನು ಬಂತು.

"ರೀ, ಅವಳ ಸ್ವೆಟರು ಗಾಡಿಗೆ ಹೋಗ್ಬಿಟ್ಟಿದೆ. ಊರವರದ್ದೆಲ್ಲ ಹುಡುಕಿ ಕೊಟ್ರಲ್ಲ, ನಂದೊಂದು ಹುಡುಕಿ ಕೊಡಿ."

"ಅಳಬೇಡ. ನೋಡ್ತೀನಿ," ಎಂದ.

ತಮ್ಮ ಬೀದಿಯ ಲಾರಿ ಸುರಿದ ಮೂಲೆಯನ್ನು ಕೇಳಿ ತಿಳಿದು, ಅಲ್ಲಿ ಮೆಲ್ಲಗೆ ಕೆದಕತೊಡಗಿದ. ಆ ಪಂಜದಿಂದ ಸ್ವೆಟರು ಹುಡುಕುವುದೆಂದರೆ ಒನಕೆಯಿಂದ ಹೊಲಿಗೆ ಹಾಕಿದಂತೆ. ಅಷ್ಟರಲ್ಲಿ ಕುಲುಮೆಯ ಮೇಲ್ವಿಚಾರಕನ ಕೂಗು ಸ್ಪೀಕರಿನಲ್ಲಿ ಕೇಳಿತು.

"ಏನಪ್ಪಾ, ನಿದ್ದೆನಾ? ಬೆಂಕಿ ಇಳೀತಿದೆ, ಹಾಕು!"

ಬೇರೆ ಮೂಲೆಯಿಂದ ಎತ್ತಿ ಹಾಕಿದ. ಒದ್ದೆ ಕಸ, ಬೆಂಕಿ ಇನ್ನೂ ಇಳಿಯಿತು. ವಿಧಿಯಿಲ್ಲದೆ ತಮ್ಮ ಬೀದಿಯ ಒಣ ಕಸಕ್ಕೇ ಪಂಜ ಇಳಿಸಿದ. ಅದು ಮೇಲೆದ್ದಾಗ, ಹರಿದ ಕವರಿನಿಂದ ಹೊರಬಿದ್ದು ಪಂಜದ ಹಲ್ಲಿಗೆ ಸಿಕ್ಕಿ ಕೆಂಪಗೆ ಏನೋ ನೇತಾಡುತ್ತಿತ್ತು. ಒಂದು ತೋಳು ಉದ್ದ.

"ಸಾರ್, ಪಂಜಾನ ರಿಪೇರಿ ಕಟ್ಟೆಗೆ ತರ್ಲಾ? ಅದರಲ್ಲಿ ನನ್ನ ಮಗಳ..."

ಮೇಲ್ವಿಚಾರಕನ ದನಿ ಇಳಿಯಿತು. "ತಗೊಂಡ್ ಬಾ. ನಿಧಾನ."

ಪಂಜ ಇಳಿಸಿ ರಿಪೇರಿ ಮಾಡುವ ಆ ಕಟ್ಟೆಯಿದ್ದದ್ದು ಕುಲುಮೆಯ ಬಾಯಿ ದಾಟಿದ ಮೇಲೆ. ಉಸಿರು ಬಿಗಿಹಿಡಿದು ನಡೆಸಿದ. ಅರ್ಧ ದಾರಿಯಲ್ಲಿ ಉಣ್ಣೆಯ ಎಳೆ ಬಿಚ್ಚಿಕೊಳ್ಳತೊಡಗಿತು. ತೋಳು ಇನ್ನಷ್ಟು ಉದ್ದವಾಯಿತು, ಮತ್ತೂ ಉದ್ದವಾಯಿತು, ಸ್ವೆಟರು ಕುಲುಮೆಯೊಳಗೆ ಬಿತ್ತು. ಅವನು ಹಿಡಿಕೆಯ ಮೇಲೆ ತಲೆಯಿಟ್ಟು ಅತ್ತ. ಯಾರೂ ಬೈಯಲಿಲ್ಲ.

ನನ್ನ ಕೈಯಿಂದಲೇ ಹೋಯಿತೆಂದು ಅವಳಿಗೆ ಹೇಗೆ ಹೇಳಲಿ? ಮನೆಗೆ ಹೋಗುವ ದಾರಿಯಲ್ಲಿ ಸುಳ್ಳೊಂದನ್ನು ಗಟ್ಟಿ ಮಾಡಿಕೊಂಡ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಕಣ್ಣಿಗೇ ಬೀಳಲಿಲ್ಲ ಕಣೇ."

ಅವಳ ಮುಖ ಅರಳಿತು. "ಹಾಗಾದ್ರೆ ಇನ್ನೂ ಗುಂಡೀಲೇ ಇದೆ ಅಲ್ವಾ?"

ಅವನು ಬಗ್ಗಿ ಚಪ್ಪಲಿ ಬಿಚ್ಚತೊಡಗಿದ.

ಬೆಳಿಗ್ಗೆ ಅವಳು ಊಟದ ಡಬ್ಬಿಯ ಜೊತೆ ತೊಳೆದು ಒಣಗಿಸಿದ ಕವರೊಂದನ್ನು ಅವನ ಕೈಗಿಟ್ಟಳು.

"ಸಿಕ್ಕಿದ ತಕ್ಷಣ ಇದರಲ್ಲಿ ಹಾಕಿ ಗಂಟು ಹಾಕ್ಬಿಡಿ. ತೆರೆದು ನೋಡ್ತಾ ಕೂರಬೇಡಿ ಮತ್ತೆ."

"ಆಯ್ತು," ಎಂದ. ಕವರನ್ನು ಮಡಚಿ ಜೇಬಿಗಿಟ್ಟುಕೊಂಡು ಕೆಲಸಕ್ಕೆ ಹೊರಟ.