ಮುಚ್ಚಳದೊಳಗಿನ ಬೆಳಕು

ದೊಡ್ಡಬಳ್ಳಾಪುರದ ಒಂದು ನೇಕಾರರ ಮನೆಗೆ ಮಗ್ಗದ ಮೋಟಾರು ರಿಪೇರಿಗೆ ಹೋಗಿದ್ದೆ. ಮನೆಯಾಕೆ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ತಂದಿಟ್ಟರು. ನನಗೋ ಆಗಷ್ಟೇ ಟೈಫಾಯ್ಡ್ ಬಿಟ್ಟಿತ್ತು. ಕೊಟ್ಟ ನೀರನ್ನು ಬೇಡ ಅನ್ನೋದು ಹೇಗೆ? ಮೆಲ್ಲಗೆ ನನ್ನ ಬಾಟಲಿಗೆ ಸುರಿದುಕೊಂಡು ಮುಚ್ಚಳದ ಗುಂಡಿ ಒತ್ತಿದೆ.

"ಏನಪ್ಪಾ, ನಮ್ಮನೆ ನೀರು ಆಗಲ್ವಾ?"

ಪಕ್ಕದ ಮಗ್ಗದ ಸದ್ದಿಗೆ ಅವರು ಕೂಗಿಯೇ ಕೇಳಬೇಕಾಯ್ತು. ನನಗೆ ಬೈದ ಹಾಗೇ ಕೇಳಿಸಿತು. ನಾನೂ ಕೂಗಿದೆ: "ಹಂಗಲ್ಲಮ್ಮಾ, ಟೈಫಾಯ್ಡ್ ಬಂದಿತ್ತು. ಇದ್ರಲ್ಲಿ ಯುವಿ ದೀಪ ಇದೆ. ಕಾಯಿಲೆ ತರೋ ಕ್ರಿಮೀನೆಲ್ಲ ಸಾಯಿಸ್ತದೆ."

"ಕುದಿಸ್ದೇನಾ? ಔಷಧಿ ಹಾಕ್ದೇನಾ?"

"ಹೂಂ, ಬರೀ ಬೆಳಕಲ್ಲಿ."

ಅವರು ಹೋಗಿ ಮಗ್ಗ ನಿಲ್ಲಿಸಿ ಬಂದರು. ಮುಚ್ಚಳದ ಅಂಚಿನ ನೀಲಿ ಬೆಳಕನ್ನೇ ನೋಡುತ್ತಾ ನಿಂತರು. ಆಮೇಲೆ ಅದರ ಮೇಲೆ ಎರಡೂ ಕೈ ಚಾಚಿ, ಮಂಗಳಾರತಿ ತಗೊಂಡ ಹಾಗೆ ಕಣ್ಣಿಗೊತ್ತಿಕೊಂಡರು. ನನಗೆ ನಗು ಬಂದುಬಿಟ್ಟಿತು.

"ನಗಬೇಡ ಕಣಪ್ಪಾ. ಇದು ಬ್ಯಾಟರಿದು ಅಂತ ನಂಗೂ ಗೊತ್ತು. ಕಣ್ಣಿಗೇ ಕಾಣದ್ದು ಆಳನ್ನ ಮಲಗಿಸಿಬಿಡ್ತದೆ. ಬೆಂಕಿ ಇಲ್ದೆ ಒಂದು ಬೆಳಕು ಅದನ್ನ ಕೊಲ್ತದೆ. ಕೈ ಸುಮ್ನಿರ್ತದಾ?"

ದಿನಾ ಒತ್ತುವ ಗುಂಡಿ ಅದು. ಅವತ್ತು ಮೈ ಜುಮ್ಮೆಂದಿತು. ಬೆಳಕು ಆರಿದ ಮೇಲೆ ಅವರು ಬಲಗೈ ಒಡ್ಡಿದರು. ಚಪ್ಪಲಿ ಬಿಟ್ಟಿದ್ದೀನಾ ಅಂತ ನೋಡಿಕೊಂಡು ನೀರು ಹಾಕಿದೆ.

ಈಗ ಆ ಬಾಟಲಿಗೆ ಬಾಯಿ ಹಚ್ಚಿ ಎಂಜಲು ಮಾಡೋಕೆ ಮನಸ್ಸೇ ಬರಲ್ಲ. ಎತ್ತಿ ಕುಡಿಯೋಕೆ ಹೋಗಿ ದಿನಾ ಅಂಗಿ ನೆನೆಸಿಕೊಳ್ತೀನಿ.